ಕೋಡ್ ಬರೆದು ಸಿಎನ್‌ಸಿ ಜಾಬ್ ಮಾಡಿಸುವುದು: ಭಾಷೆಗಳನ್ನು ಹೋಲಿಸಿ ಆರಿಸಲು ಸಮಗ್ರ ಮಾರ್ಗದರ್ಶಿ

ಲೋಹದ ಭಾಗದ ಆಕಾರವನ್ನು ಕೋಡ್‌ನಲ್ಲಿ ಬರೆದು, ಆ ಮಾಡೆಲ್ ಅನ್ನು ಕಂಪ್ಯೂಟರ್ ನಡೆಸುವ (ಸಿಎನ್‌ಸಿ) ಮೆಷಿನ್‌ಗಳಿರುವ ಪೀಣ್ಯದ ಜಾಬ್ ಶಾಪ್‌ಗೆ ಕಳಿಸಿದವರಿಗೆ ಬರುವ ಫೋನ್ ಹೆಚ್ಚುಕಮ್ಮಿ ಒಂದೇ ಥರದ್ದು. “ಸರ್, ಬೋರ್ ಸೆಲೆಕ್ಟ್ ಆಗ್ತಿಲ್ಲ, ಬರೀ ಪಟ್ಟಿ ಪಟ್ಟಿ ಬರ್ತಿದೆ. ಸ್ಟೆಪ್ ಫೈಲ್ ಕಳಿಸಿ.” ಬೋರ್ ಎಂದರೆ ದುಂಡು ರಂಧ್ರ; ಸ್ಟೆಪ್ ಎಂದರೆ ನಿಜವಾದ ಮೇಲ್ಮೈಗಳನ್ನು ಹೇಳಬಲ್ಲ ಫೈಲ್, ಎಸ್‌ಟಿಎಲ್ ಎಂದರೆ ಬರೀ ತ್ರಿಕೋನಗಳ ಫೈಲ್. ಆಗ ಕಳಿಸಿದವರು ಎಸ್‌ಟಿಎಲ್ ಫೈಲನ್ನೇ ಯಾವುದೋ ಕನ್ವರ್ಟರ್‌ಗೆ ಹಾಕಿ, ಸ್ಟೆಪ್ ಮಾಡಿ, ಮತ್ತೆ ಕಳಿಸುತ್ತಾರೆ. ಮರುದಿನ ಮತ್ತದೇ ಫೋನ್. ತಪ್ಪು ಕನ್ವರ್ಟರ್‌ನದಲ್ಲ. ಮೆಷಿನ್‌ಗೆ ಬೇಕಾದ ವೃತ್ತ ಆ ಭಾಷೆಯಿಂದ ಹೊರಬರುವಾಗಲೇ ಕಳೆದುಹೋಗಿರುತ್ತದೆ.

ಹಾಗಾಗಿ ಸಿಂಟ್ಯಾಕ್ಸ್ ಎಷ್ಟು ಚೆಂದ, ಕಲಿಯಲು ಎಷ್ಟು ಸುಲಭ ಎಂಬ ಲೆಕ್ಕದಲ್ಲಿ ಭಾಷೆ ಆರಿಸಬೇಡಿ. ಅದು ಕೊಡುವ ಫೈಲಿನೊಳಗೆ ಏನಿದೆ ಎಂಬುದನ್ನು ನೋಡಿ ಆರಿಸಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಒಂದು ವಾರಾಂತ್ಯದಲ್ಲಿ ನಿಮ್ಮ ಕೆಲಸಕ್ಕೆ ಯಾವುದು ಸರಿ ಎಂದು ಗೊತ್ತಾಗುತ್ತದೆ. ಒಂದು ಸೂಚನೆ: ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದವು

ಫ್ರೀಕ್ಯಾಡ್ 1.0 ಅಥವಾ ಅದಕ್ಕಿಂತ ಹೊಸದು, ಓಪನ್‌ಸ್ಕ್ಯಾಡ್, ಪೈಥಾನ್, ಅದರೊಳಗೆ ಕ್ಯಾಡ್‌ಕ್ವೆರಿ ಮತ್ತು ಬಿಲ್ಡ್‌123ಡಿ. ಎಲ್ಲವೂ ಉಚಿತ. ಪೈಥಾನ್‌ನ ತೀರಾ ಹೊಸ ಆವೃತ್ತಿ ಹಾಕಿಕೊಂಡರೆ ಕ್ಯಾಡ್‌ಕ್ವೆರಿ ಇನ್‌ಸ್ಟಾಲ್ ಆಗದೆ ತಕರಾರು ಮಾಡಬಹುದು. ಒಂದೆರಡು ಆವೃತ್ತಿ ಹಳೆಯದನ್ನು ಹಾಕಿ, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಜೊತೆಗೆ ಒಂದು ಸಾದಾ ಟೆಕ್ಸ್ಟ್ ಎಡಿಟರ್ ಇರಲಿ. ಫೈಲ್ ಬಿಚ್ಚಿ ನೋಡಲು ಅದು ಬೇಕೇ ಬೇಕು.

## ಹಂತ 1: ಕೋಡ್‌ಗಿಂತ ಮೊದಲು ವರ್ಕ್‌ಶಾಪ್‌ಗೆ ಫೋನ್ ಮಾಡಿ

ಹೆಚ್ಚಿನವರು ಈ ಹಂತವನ್ನು ಕೊನೆಗೆ ಮಾಡುತ್ತಾರೆ. ಪೀಣ್ಯ ಇರಲಿ, ಅಬ್ಬಿಗೆರೆ ಇರಲಿ, ಬೊಮ್ಮಸಂದ್ರ ಇರಲಿ, ಜಾಬ್ ಮಾಡುವವರನ್ನು ನಾಲ್ಕು ವಿಷಯ ಕೇಳಿ. ಯಾವ ಫೈಲ್ ಬೇಕು? ಯಾವ ಕಂಟ್ರೋಲ್ (ಮೆಷಿನ್ ನಡೆಸುವ ಕಂಪ್ಯೂಟರ್), ಫ್ಯಾನಕ್‌ನದಾ, ಸೀಮೆನ್ಸ್‌ನದಾ, ಬೇರೆಯದಾ? ಪಾಕೆಟ್‌ಗೆ (ಮೇಲಿನಿಂದ ಕಡಿಯುವ ತಗ್ಗಿಗೆ) ಸಾಮಾನ್ಯವಾಗಿ ಹಾಕುವ ಸಣ್ಣ ಎಂಡ್ ಮಿಲ್ (ತಿರುಗುತ್ತ ಕಡಿಯುವ ಟೂಲ್) ಎಷ್ಟು ಎಂಎಂ? ಜಾಬ್ ಝೀರೋ, ಅಂದರೆ ಅಳತೆ ಶುರುವಾಗುವ ಸೊನ್ನೆ ಬಿಂದು, ಎಲ್ಲಿ ಇಟ್ಟುಕೊಳ್ಳುತ್ತಾರೆ?

ವಿಎಂಸಿ (ಟೂಲ್ ಮೇಲಿನಿಂದ ಇಳಿಯುವ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್) ಇರುವ ಕಡೆ ಬಹುಪಾಲು “ಸ್ಟೆಪ್ ಮತ್ತೆ ಪಿಡಿಎಫ್ ಡ್ರಾಯಿಂಗ್” ಎನ್ನುತ್ತಾರೆ. ಲೇಸರ್ ಕಟಿಂಗ್‌ನವರು ಡಿಎಕ್ಸ್‌ಎಫ್ ಎಂಬ ಗೆರೆಚಿತ್ರದ ಫೈಲ್ ಕೇಳುತ್ತಾರೆ. ಎಸ್‌ಟಿಎಲ್ ಸಾಕು ಎನ್ನುವವರು ಸಾಮಾನ್ಯವಾಗಿ ತ್ರೀಡಿ ಪ್ರಿಂಟಿಂಗ್ ಮಾಡುವವರು. ನಿಮ್ಮ ಭಾಷೆಯ ಆಯ್ಕೆ ಅರ್ಧ ಮುಗಿಯುವುದು ಈ ಫೋನ್‌ನಲ್ಲೇ.

## ಹಂತ 2: ಪರೀಕ್ಷೆಗೆ ಒಂದೇ ಜಾಬ್ ಗೊತ್ತುಮಾಡಿ

ಒಂದು ಭಾಷೆಯಲ್ಲಿ ಗೇರ್, ಇನ್ನೊಂದರಲ್ಲಿ ಡಬ್ಬಿ ಬರೆದು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಎಲ್ಲ ಭಾಷೆಗಳಲ್ಲೂ ಈ ಒಂದೇ ಪ್ಲೇಟ್ ಬರೆಯಿರಿ:

- 80 × 60 × 12 ಎಂಎಂ ಅಲ್ಯೂಮಿನಿಯಂ ಪ್ಲೇಟ್, ಹೊರಗಿನ ನಾಲ್ಕು ಮೂಲೆಗೆ 5 ಎಂಎಂ ರೇಡಿಯಸ್.
- ನಡುವೆ 22 ಎಂಎಂ ಆರ್‌ಪಾರ್ (ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂರಿದ) ಬೋರ್, 608 ಬೇರಿಂಗ್‌ನ ಹೊರವ್ಯಾಸಕ್ಕೆ.
- 64 × 44 ಎಂಎಂ ಅಂತರದಲ್ಲಿ ನಾಲ್ಕು ಎಂ6 ಬೋಲ್ಟ್ ರಂಧ್ರ: 6.6 ಎಂಎಂ ಆರ್‌ಪಾರ್, ಮೇಲೆ 11 ಎಂಎಂ ವ್ಯಾಸದ 6.5 ಎಂಎಂ ಆಳದ ಕೌಂಟರ್‌ಬೋರ್ (ಬೋಲ್ಟ್ ತಲೆ ಕೂರುವ ಅಗಲ ರಂಧ್ರ).
- ಎಡಕ್ಕೆ, ಮಧ್ಯದಿಂದ 24 ಎಂಎಂ ದೂರದಲ್ಲಿ, 14 × 24 ಎಂಎಂ ಪಾಕೆಟ್, ಆಳ 5 ಎಂಎಂ, ಒಳಮೂಲೆ ರೇಡಿಯಸ್ 3.5 ಎಂಎಂ.

ಒಳಮೂಲೆಗೆ 3 ಹಾಕದೆ 3.5 ಹಾಕಿರುವುದು ಬೇಕೆಂದೇ. 6 ಎಂಎಂ ಎಂಡ್ ಮಿಲ್‌ನ ರೇಡಿಯಸ್ 3. ಮೂಲೆಯದೂ ಅಷ್ಟೇ ಇದ್ದರೆ ಟೂಲ್ ಅಲ್ಲಿ ನಿಂತು ತಿರುಗಬೇಕಾಗುತ್ತದೆ, ಚ್ಯಾಟರ್ (ನಡುಕ) ಬಂದು ಗುರುತು ಬೀಳುತ್ತದೆ. ಅರ್ಧ ಎಂಎಂ ಹೆಚ್ಚು ಕೊಟ್ಟರೆ ಟೂಲ್ ಕಮಾನಿನಲ್ಲಿ ಹರಿದುಹೋಗುತ್ತದೆ. ರೇಡಿಯಸ್ಸೇ ಇಲ್ಲದ ಚೂಪು ಒಳಮೂಲೆ ಬರೆದು ಕಳಿಸುವವರೂ ಇದ್ದಾರೆ. ತಿರುಗುವ ಟೂಲ್‌ನಿಂದ ಅದು ಆಗದ ಕೆಲಸ.

ಈ ಪ್ಲೇಟಿನ ನಿಖರ ಘನಗಾತ್ರ 47,930 ಘನ ಎಂಎಂ. ಸಾಂದ್ರತೆ 2.7 ಹಿಡಿದರೆ ತೂಕ ಸುಮಾರು 129 ಗ್ರಾಂ. ಈ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

## ಹಂತ 3: ಭಾಷೆಗಳನ್ನು ಎರಡು ರಾಶಿ ಮಾಡಿ

ಮೊದಲ ರಾಶಿ ಮೆಶ್‌ನದು, ಅಂದರೆ ಚಪ್ಪಟೆ ತುಂಡುಗಳ ಜಾಲದ್ದು: ಓಪನ್‌ಸ್ಕ್ಯಾಡ್, ಜೆಎಸ್‌ಕ್ಯಾಡ್. ಇವು ಹೊರಗೆ ಕೊಡುವ ಫೈಲಿನಲ್ಲಿ ವೃತ್ತವೆಂದರೆ ಬಹುಭುಜ, ಸಿಲಿಂಡರ್ ಎಂದರೆ ಪಟ್ಟಿಗಳ ಸುತ್ತು. ಎರಡನೇ ರಾಶಿ ನಿಜವಾದ ಮೇಲ್ಮೈಗಳದು, ಬಿ-ರೆಪ್ ಎನ್ನುತ್ತಾರೆ: ಕ್ಯಾಡ್‌ಕ್ವೆರಿ, ಬಿಲ್ಡ್‌123ಡಿ, ಫ್ರೀಕ್ಯಾಡ್‌ನ ಪೈಥಾನ್. ಮೂರಕ್ಕೂ ಒಳಗಿರುವ ಎಂಜಿನ್ ಒಂದೇ, ಓಪನ್‌ಕ್ಯಾಸ್ಕೇಡ್. ಇಲ್ಲಿ ಬೋರ್ ಎಂದರೆ ಕೇಂದ್ರ, ಅಕ್ಷ, ರೇಡಿಯಸ್ ಇರುವ ಒಂದೇ ಒಂದು ಮೇಲ್ಮೈ.

ವ್ಯತ್ಯಾಸ ಎಷ್ಟು ಎಂದು ಹತ್ತಿರದಿಂದ ನೋಡಿ. ಓಪನ್‌ಸ್ಕ್ಯಾಡ್‌ನಲ್ಲಿ ಡಾಲರ್-ಎಫ್‌ಎನ್ (ವೃತ್ತದ ಬದಿಗಳ ಸಂಖ್ಯೆ) ಕೊಡದಿದ್ದರೆ ವೃತ್ತಕ್ಕೆ ಎಷ್ಟು ಬದಿ ಎಂದು ಡಾಲರ್-ಎಫ್‌ಎ (ಒಂದು ಬದಿಯ ಕನಿಷ್ಠ ಕೋನ) 12 ಡಿಗ್ರಿ, ಡಾಲರ್-ಎಫ್‌ಎಸ್ (ಅದರ ಕನಿಷ್ಠ ಉದ್ದ) 2 ಎಂಎಂ ಎಂಬ ಡೀಫಾಲ್ಟ್‌ಗಳು ತೀರ್ಮಾನಿಸುತ್ತವೆ. 22 ಎಂಎಂ ಬೋರ್‌ಗೆ 30 ಬದಿ ಬರುತ್ತದೆ. ಬಹುಭುಜದ ಮೂಲೆಗಳು ಮಾತ್ರ ವೃತ್ತದ ಮೇಲಿರುತ್ತವೆ, ಬದಿಗಳು ಒಳಕ್ಕೆ ಬರುತ್ತವೆ. ಎದುರುಬದುರು ಬದಿಗಳ ನಡುವೆ ಅಳೆದರೆ 21.88 ಎಂಎಂ, ಅಂದರೆ 0.12 ಎಂಎಂ ಕಡಿಮೆ. ಈ ಬೋರ್‌ಗೆ ಎಚ್7 (ರಂಧ್ರದ ಅಳತೆ ಎಷ್ಟು ಆಚೀಚೆ ಆಗಬಹುದೆಂಬ ಪ್ರಮಾಣಿತ ದರ್ಜೆ) ಫಿಟ್ ಕೇಳಿದರೆ ಅನುಮತಿ 22.000ರಿಂದ 22.021ರವರೆಗೆ ಮಾತ್ರ. ಮಾಡೆಲ್‌ನಲ್ಲಿರುವಂತೆಯೇ ಕಡಿದರೆ ಬೇರಿಂಗ್ ಕೂರುವುದಿಲ್ಲ. ಸಣ್ಣ ರಂಧ್ರಗಳ ಗತಿ ಇನ್ನೂ ಕೆಟ್ಟದ್ದು: 6.6 ಎಂಎಂ ರಂಧ್ರಕ್ಕೆ ಸಿಗುವುದು 11 ಬದಿ, ಒಳಗೆ ಹಿಡಿಸುವುದು ಸುಮಾರು 6.33 ಎಂಎಂ ಕಡ್ಡಿ.

ಡಾಲರ್-ಎಫ್‌ಎನ್ 120 ಮಾಡಿದರೆ ಸಾಕಲ್ಲವೇ? ಅಳತೆಯ ದೋಷವೇನೋ ರೇಡಿಯಸ್‌ನಲ್ಲಿ 0.004 ಎಂಎಂಗೆ ಇಳಿಯುತ್ತದೆ. ಆದರೆ ಬೋರ್ ಈಗಲೂ 120 ಚಪ್ಪಟೆ ಪಟ್ಟಿಗಳೇ. ಮಾಡೆಲ್‌ನಿಂದ ಮೆಷಿನ್ ಪ್ರೋಗ್ರಾಂ ಮಾಡುವ ಕ್ಯಾಮ್ ಸಾಫ್ಟ್‌ವೇರ್‌ಗೆ ಅದು ರಂಧ್ರವೆಂದು ಗೊತ್ತಾಗದಿದ್ದರೆ ಡ್ರಿಲ್, ಬೋರಿಂಗ್, ಟ್ಯಾಪಿಂಗ್ ಸೈಕಲ್‌ಗಳನ್ನು ನೇರವಾಗಿ ಕೊಡಲಾಗದು. ಪ್ರೋಗ್ರಾಮರ್ ಕೂತು ಒಂದೊಂದೇ ಕೇಂದ್ರವನ್ನು ಕೈಯಾರೆ ಗುರುತಿಸಬೇಕು, ಆ ಸಮಯದ ಕೂಲಿ ನಿಮ್ಮ ಬಿಲ್‌ಗೇ ಸೇರುತ್ತದೆ.

## ಹಂತ 4: ಅದೇ ಪ್ಲೇಟನ್ನು ಬರೆಯಿರಿ, ಕ್ರಮ ತಪ್ಪದಂತೆ

ಎಲ್ಲ ಭಾಷೆಗೂ ಒಂದೇ ಕ್ರಮ ಇಟ್ಟುಕೊಳ್ಳಿ: ಅಳತೆಗಳೆಲ್ಲ ಫೈಲಿನ ತಲೆಯಲ್ಲಿ ಹೆಸರಿಟ್ಟ ವೇರಿಯಬಲ್‌ಗಳಾಗಿ, ಆಮೇಲೆ ಪ್ಲೇಟ್, ಹೊರಮೂಲೆಯ ರೇಡಿಯಸ್, ಬೋರ್, ಬೋಲ್ಟ್ ರಂಧ್ರ, ಕೊನೆಗೆ ಪಾಕೆಟ್. ಹೊರಮೂಲೆಯನ್ನು ಮೊದಲೇ ಮುಗಿಸುವುದಕ್ಕೆ ಕಾರಣ ಕ್ಯಾಡ್‌ಕ್ವೆರಿಯ ಭಾಗದಲ್ಲಿ ಗೊತ್ತಾಗುತ್ತದೆ.

### ಓಪನ್‌ಸ್ಕ್ಯಾಡ್

ಇಲ್ಲಿ ವೇರಿಯಬಲ್ ಎಂದರೆ ಹೆಸರಷ್ಟೇ, ಬದಲಾಗುವ ಪೆಟ್ಟಿಗೆಯಲ್ಲ. ಒಂದೇ ಹೆಸರಿಗೆ ಎರಡು ಸಲ ಬೆಲೆ ಕೊಟ್ಟರೆ ಕೊನೆಯದೇ ಇಡೀ ಫೈಲ್‌ಗೆ ಅನ್ವಯ, ಮೇಲಿನ ಸಾಲುಗಳಿಗೂ ಸೇರಿ. ಪೈಥಾನ್ ಅಭ್ಯಾಸದಲ್ಲಿ ಬೋರ್‌ನ ಬೆಲೆ 22 ಎಂದು ಬರೆದು, ಕೆಳಗೆ ಇನ್ನೊಂದು ರಂಧ್ರಕ್ಕೆ ಅದೇ ಹೆಸರನ್ನು 8 ಮಾಡಿದರೆ ಎರಡೂ 8 ಆಗುತ್ತವೆ.

ಡಿಫರೆನ್ಸ್‌ನಲ್ಲಿ ಕಳೆಯುವ ಆಕಾರದ ಮೇಲ್ಮೈ ಪ್ಲೇಟಿನ ಮೇಲ್ಮೈಗೆ ಸರಿಯಾಗಿ ತಾಗಿದರೆ ತೆಳು ಪೊರೆ ಮಿನುಗುತ್ತದೆ. ಪಾಕೆಟ್‌ನ ಆಕಾರವನ್ನು ಮೇಲಕ್ಕೆ 1 ಎಂಎಂ ಚಾಚಿ, ತಳ ಮಾತ್ರ ಸರಿಯಾದ ಆಳದಲ್ಲೇ ಇರಲಿ. ಇಡೀ ಆಕಾರವನ್ನು ಎತ್ತಿಬಿಟ್ಟು ಪಾಕೆಟ್ ಆಳ ಕಡಿಮೆ ಮಾಡಿಕೊಳ್ಳುವುದು ಇಲ್ಲಿಯ ಮಾಮೂಲಿ ತಪ್ಪು.

### ಕ್ಯಾಡ್‌ಕ್ವೆರಿ

ಎರಡು ಬಲೆಗಳಿವೆ. ಸರ್ಕಲ್ ಕಮಾಂಡ್‌ಗೆ ಕೊಡಬೇಕಾದ್ದು ರೇಡಿಯಸ್, ಹೋಲ್ ಕಮಾಂಡ್‌ಗೆ ವ್ಯಾಸ. 22ರ ಬೋರ್ 44 ಆಗಿ ಪ್ಲೇಟ್ ತಿಂದುಹಾಕಿದರೆ ಕಾರಣ ಇದೇ.

ಇನ್ನೊಂದು ಸೆಲೆಕ್ಟರ್‌ನದು, ಅಂದರೆ ಅಂಚು, ಮುಖಗಳನ್ನು ಆರಿಸುವ ಸೂಚನೆಯದು. ಝಡ್‌ಗೆ ಸಮಾನಾಂತರವಾದ ಅಂಚುಗಳನ್ನೆಲ್ಲ ಆರಿಸಿ ಫಿಲೆಟ್ ಮಾಡು (ದುಂಡಗೆ ಮಾಡು) ಎಂದರೆ ಅದು ಆ ಕ್ಷಣದಲ್ಲಿರುವ ಎಲ್ಲ ನಿಂತ ಅಂಚುಗಳನ್ನೂ ಹಿಡಿಯುತ್ತದೆ. ಪಾಕೆಟ್ ಕಡಿದ ಮೇಲೆ ಮಾಡಿದರೆ ಪಾಕೆಟ್ ಮೂಲೆಗೂ 5 ಎಂಎಂ ಬೀಳುತ್ತದೆ. ಬೋರ್‌ನ ಸೀಮ್ ಗೆರೆಯೂ (ಸಿಲಿಂಡರ್ ಮೇಲ್ಮೈಯ ಎರಡು ತುದಿ ಕೂಡುವ ಗೆರೆ) ಆಯ್ಕೆಗೆ ಸಿಕ್ಕಿ ಫಿಲೆಟ್ ಕೈಕೊಡಬಹುದು. ಪ್ಲೇಟ್ ಬರೀ ಪ್ಲೇಟ್ ಆಗಿರುವಾಗಲೇ ಹೊರಮೂಲೆ ಮುಗಿಸಿ ಎಂದಿದ್ದು ಇದಕ್ಕೇ. ಹಾಗೆಯೇ ಝಡ್ ದಿಕ್ಕಿನಲ್ಲಿ ಅತಿ ಮೇಲಿನ ಮುಖ ಎಂಬ ಸೆಲೆಕ್ಟರ್, ಪ್ಲೇಟ್ ಮೇಲೆ ಒಂದು ಬಾಸ್ (ಉಬ್ಬು) ಸೇರಿಸಿದ ಕೂಡಲೇ ಬಾಸ್‌ನ ತಲೆಗೆ ಹೋಗಿ ಕೂರುತ್ತದೆ. ಮುಖ್ಯ ಮುಖಕ್ಕೆ ಟ್ಯಾಗ್ ಹಾಕಿಟ್ಟುಕೊಳ್ಳಿ.

### ಬಿಲ್ಡ್‌123ಡಿ

ಎಂಜಿನ್ ಒಂದೇ ಆದರೂ ಬರೆಯುವ ಶೈಲಿ ಬೇರೆ: ಪೈಥಾನ್‌ನ ವಿತ್ ಬ್ಲಾಕ್‌ಗಳು, ಅಂಚುಗಳನ್ನು ಸಾಮಾನ್ಯ ಲಿಸ್ಟ್‌ನಂತೆ ಫಿಲ್ಟರ್ ಮಾಡಿ ವಿಂಗಡಿಸುವ ಸೌಕರ್ಯ. ಉದ್ದದ ಮಾಡೆಲ್‌ಗಳಿಗೆ ಓದಲು ಇದೇ ಹೆಚ್ಚು ಹಿತ ಎಂದು ನಮ್ಮ ಅಭಿಪ್ರಾಯ. ಎಚ್ಚರ ಬೇಕಾದ ಕಡೆ ಒಂದೇ. ಇಲ್ಲಿ ಹೋಲ್‌ಗೂ ಕೌಂಟರ್‌ಬೋರ್‌ಗೂ ಕೊಡಬೇಕಾದ್ದು ರೇಡಿಯಸ್. ಕ್ಯಾಡ್‌ಕ್ವೆರಿಯಿಂದ ಸಾಲು ನಕಲು ಮಾಡಿದವರು ಇಲ್ಲಿ ಎಡವುತ್ತಾರೆ.

### ಜೆಎಸ್‌ಕ್ಯಾಡ್ ಮತ್ತು ಫ್ರೀಕ್ಯಾಡ್ ಪೈಥಾನ್

ಜೆಎಸ್‌ಕ್ಯಾಡ್ ಬ್ರೌಸರ್‌ನಲ್ಲೇ ಓಡುತ್ತದೆ, ಗ್ರಾಹಕರೇ ಅಳತೆ ಬದಲಿಸಿ ನೋಡುವ ವೆಬ್ ಪುಟಕ್ಕೆ ಒಳ್ಳೆಯದು. ಸಿಲಿಂಡರ್‌ಗೆ ಡೀಫಾಲ್ಟ್ 32 ಬದಿ. ಫ್ರೀಕ್ಯಾಡ್ ಪೈಥಾನ್‌ನಲ್ಲಿ “ಫೇಸ್7” ಎಂದು ಸಂಖ್ಯೆ ಹಿಡಿದು ಮುಖ ಆರಿಸಬೇಡಿ; ಒಂದು ರಂಧ್ರ ಹೆಚ್ಚಾದರೂ ಆ ಸಂಖ್ಯೆ ಬೇರೆ ಮುಖಕ್ಕೆ ಹೋಗಬಹುದು.

### ಎಲ್ಲ ಕಡೆ ಕಾಡುವ ಎರಡು ತೊಡಕು

ಕೋನ: ಓಪನ್‌ಸ್ಕ್ಯಾಡ್‌ನ ಸೈನ್, ಕಾಸ್ ಡಿಗ್ರಿಯಲ್ಲಿ, ಪೈಥಾನ್‌ನ ಮ್ಯಾಥ್ ಲೈಬ್ರರಿ ರೇಡಿಯನ್‌ನಲ್ಲಿ, ಆದರೆ ಕ್ಯಾಡ್‌ಕ್ವೆರಿಯ ರೊಟೇಟ್ ಮತ್ತೆ ಡಿಗ್ರಿಯಲ್ಲಿ. ಜೆಎಸ್‌ಕ್ಯಾಡ್‌ನಲ್ಲಿ ತಿರುಗಿಸುವುದೂ ರೇಡಿಯನ್‌ನಲ್ಲೇ. ಪಿಸಿಡಿ (ರಂಧ್ರಗಳ ಕೇಂದ್ರಗಳು ಕೂರುವ ವೃತ್ತ) ಮೇಲಿನ ರಂಧ್ರಗಳು ಎಲ್ಲೆಲ್ಲೋ ಚದುರಿದ್ದರೆ ಮೊದಲು ಇದನ್ನು ನೋಡಿ.

ಝೀರೋ: ಓಪನ್‌ಸ್ಕ್ಯಾಡ್‌ನ ಕ್ಯೂಬ್ ಮೂಲೆಯಿಂದ ಶುರುವಾಗುತ್ತದೆ, ಸಿಲಿಂಡರ್ ಮಧ್ಯದಿಂದ. ಕ್ಯಾಡ್‌ಕ್ವೆರಿಯ ಬಾಕ್ಸ್ ಮೂರೂ ದಿಕ್ಕಿನಲ್ಲಿ ಮಧ್ಯಕ್ಕೆ ಬರುತ್ತದೆ, ಅಂದರೆ ಝಡ್ ಸೊನ್ನೆ ಪ್ಲೇಟಿನ ಹೊಟ್ಟೆಯಲ್ಲಿ. ಆಪರೇಟರ್ ಜಿ54 ಅನ್ನು (ಮೆಷಿನ್‌ನಲ್ಲಿ ಜಾಬ್ ಝೀರೋ ಇಡುವ ಕೋಡ್) ಸಾಮಾನ್ಯವಾಗಿ ಮೇಲಿನ ಮುಖಕ್ಕೆ ಇಡುತ್ತಾರೆ. ಎಕ್ಸ್‌ಪೋರ್ಟ್‌ಗೆ ಮುಂಚೆ ಪ್ಲೇಟಿನ ಮೇಲ್ಮುಖ ಝಡ್ ಸೊನ್ನೆಗೆ ಬರುವಂತೆ ಸರಿಸಿ. ಹಂತ 1ರ ನಾಲ್ಕನೇ ಪ್ರಶ್ನೆಗೆ ಸಿಕ್ಕ ಉತ್ತರ ಬೇರೆಯಿದ್ದರೆ ಅದರಂತೆ.

## ಹಂತ 5: ಫೈಲನ್ನು ಬಿಚ್ಚಿ ನೋಡಿ

ಪರದೆಯ ಮೇಲಿನ ಚಿತ್ರ ನಂಬಬೇಡಿ. ಶೇಡಿಂಗ್‌ನಲ್ಲಿ 30 ಬದಿಯೂ ನುಣ್ಣಗೆ ಕಾಣುತ್ತದೆ. ಮೂರು ಪರೀಕ್ಷೆ ಮಾಡಿ.

1. ಸ್ಟೆಪ್ ಫೈಲ್ ಸಾದಾ ಪಠ್ಯ. ಎಡಿಟರ್‌ನಲ್ಲಿ ತೆರೆದು “ಸಿಲಿಂಡ್ರಿಕಲ್ ಸರ್ಫೇಸ್” ಹುಡುಕಿ. ಫೈಲಿನಲ್ಲಿ ಅದು ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್‌ನೊಂದಿಗೆ ಇರುತ್ತದೆ. ಒಂದೂ ಸಿಗದೆ ಬರೀ ಪ್ಲೇನ್‌ಗಳೇ ನೂರಾರು ಇದ್ದರೆ ಅದು ಸ್ಟೆಪ್ ವೇಷದ ಎಸ್‌ಟಿಎಲ್. ಶುರುವಿನಲ್ಲಿ ಹೇಳಿದ ಎರಡನೇ ಫೋನ್ ಬರುವುದು ಇಂಥ ಫೈಲ್‌ಗೇ.

2. ಕ್ಯಾಡ್‌ಕ್ವೆರಿಯಲ್ಲಿ ಸಿಲಿಂಡರ್ ಜಾತಿಯ ಮುಖಗಳನ್ನು ಮಾತ್ರ ಆರಿಸಿ ಎಣಿಸಿ. ನಮ್ಮ ಪ್ಲೇಟ್‌ಗೆ 17 ಬರಬೇಕು: ಬೋರ್ 1, ರಂಧ್ರ 4, ಕೌಂಟರ್‌ಬೋರ್ 4, ಪಾಕೆಟ್ ಮೂಲೆ 4, ಹೊರಮೂಲೆ 4. 13 ಬಂದರೆ ಒಂದು ಫಿಲೆಟ್ ಸಾಲು ಬಿಟ್ಟುಹೋಗಿದೆ.

3. ಫೈಲನ್ನು ಫ್ರೀಕ್ಯಾಡ್‌ನಲ್ಲಿ ತೆರೆದು ಘನಗಾತ್ರ ಕೇಳಿ. 47,930ರ ಹತ್ತಿರ ಬರಬೇಕು. ಡೀಫಾಲ್ಟ್ ಬದಿಗಳ ಓಪನ್‌ಸ್ಕ್ಯಾಡ್ ಫೈಲ್‌ನಲ್ಲಿ ರಂಧ್ರಗಳಿಂದಲೇ ಸುಮಾರು 120 ಘನ ಎಂಎಂ ಹೆಚ್ಚು ತೋರಿಸುತ್ತದೆ, ಏಕೆಂದರೆ ಪ್ರತಿ ರಂಧ್ರವೂ ಚಿಕ್ಕದಾಗಿದೆ. ಸಾವಿರಗಟ್ಟಲೆ ವ್ಯತ್ಯಾಸ ಬಂದರೆ ರೇಡಿಯಸ್ಸು–ವ್ಯಾಸ ಅದಲುಬದಲಾಗಿದೆ ಎಂದೇ ಹಿಡಿಯಿರಿ.

ಈಗಾಗಲೇ ಓಪನ್‌ಸ್ಕ್ಯಾಡ್‌ನಲ್ಲಿ ರಾಶಿ ಕೋಡ್ ಇದ್ದವರಿಗೆ ಒಂದು ದಾರಿಯಿದೆ. ಎಸ್‌ಟಿಎಲ್ ಬದಲು ಸಿಎಸ್‌ಜಿ ಎಂಬ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಫ್ರೀಕ್ಯಾಡ್‌ನ ಓಪನ್‌ಸ್ಕ್ಯಾಡ್ ವರ್ಕ್‌ಬೆಂಚ್‌ನಲ್ಲಿ ತೆರೆಯಿರಿ. ಅದು ಕ್ಯೂಬ್, ಸಿಲಿಂಡರ್, ಡಿಫರೆನ್ಸ್‌ಗಳನ್ನು ನಿಜವಾದ ಆಕಾರಗಳಾಗಿ ಮತ್ತೆ ಕಟ್ಟುತ್ತದೆ, ಅಲ್ಲಿಂದ ಸ್ಟೆಪ್ ತೆಗೆಯಬಹುದು. ಎಷ್ಟು ಬದಿಗಿಂತ ಹೆಚ್ಚಿದ್ದರೆ ವೃತ್ತವೆಂದು ಹಿಡಿಯಬೇಕು ಎಂಬ ಸೆಟ್ಟಿಂಗ್ ಪ್ರಿಫರೆನ್ಸ್‌ನಲ್ಲಿದೆ, ಅದನ್ನು ನೋಡಿಕೊಳ್ಳಿ. ಹಲ್, ಮಿಂಕೋವ್‌ಸ್ಕಿ ಎಂಬ ಆಕಾರ ಬೆಸೆಯುವ ಕಮಾಂಡ್‌ಗಳನ್ನು ಬಳಸಿದ ಭಾಗಗಳು ಮಾತ್ರ ಮೆಶ್ ಆಗಿಯೇ ಬರುತ್ತವೆ. ಅವನ್ನು ಬೇರೆ ರೀತಿಯಲ್ಲಿ ಬರೆಯದೆ ಗತ್ಯಂತರವಿಲ್ಲ.

## ಹಂತ 6: ಅಳತೆ ಬದಲಿಸಿ, ಎಲ್ಲಿ ಮುರಿಯುತ್ತದೆ ನೋಡಿ

ಕೋಡ್‌ನಲ್ಲಿ ಬರೆಯುವುದೇ ಅಳತೆ ಬದಲಿಸಲು. ಬೋರ್ 22ರಿಂದ 26 ಮಾಡಿ, 6000 ಬೇರಿಂಗ್‌ಗೆ. ದಪ್ಪ 12ರಿಂದ 16. ಪಾಕೆಟ್ ಅಗಲ 14ರಿಂದ 7. ಒಂದೊಂದಾಗಿ ಬದಲಿಸಿ, ಮೂರನ್ನೂ ಒಟ್ಟಿಗೆ ಬೇಡ.

ಕೊನೆಯದರಲ್ಲಿ ಓಪನ್‌ಕ್ಯಾಸ್ಕೇಡ್ ಮೇಲಿನ ಭಾಷೆಗಳು “ಕಮಾಂಡ್ ನಾಟ್ ಡನ್” ಎಂಬ ಎರರ್ ಕೊಡಬಹುದು. 7 ಎಂಎಂ ಅಗಲಕ್ಕೆ ಎರಡೂ ಕಡೆ 3.5 ಫಿಲೆಟ್ ಹಾಕಿದರೆ ನಡುವಿನ ಚಪ್ಪಟೆ ಮುಖ ಉಳಿಯುವುದೇ ಇಲ್ಲ. ಎರರ್ ಸಂದೇಶದಲ್ಲಿ ಯಾವ ಅಂಚು ಎಂದು ಹೇಳದಿರುವುದು ಈ ಎಂಜಿನ್‌ನ ದೊಡ್ಡ ಕಿರಿಕಿರಿ. ಫಿಲೆಟ್‌ಗಳನ್ನು ಒಂದೊಂದೇ ಸಾಲಿನಲ್ಲಿ ಬರೆದರೆ ಹುಡುಕುವುದು ಸುಲಭ. ಓಪನ್‌ಸ್ಕ್ಯಾಡ್ ಇಂಥ ಕಡೆ ಏನೂ ಅನ್ನದೆ ಏನೋ ಒಂದು ಆಕಾರ ಕೊಟ್ಟುಬಿಡುತ್ತದೆ. ಮೆಷಿನ್ ಕೆಲಸಕ್ಕೆ ಎರರ್ ಕೊಟ್ಟು ನಿಲ್ಲುವ ಭಾಷೆಯೇ ವಾಸಿ.

## ಹಂತ 7: ಜಿ-ಕೋಡ್ ತೆಗೆದು ಓದಿ

ಫ್ರೀಕ್ಯಾಡ್‌ನ ಕ್ಯಾಮ್ ವರ್ಕ್‌ಬೆಂಚ್‌ನಲ್ಲಿ ಸ್ಟೆಪ್ ಫೈಲ್ ತೆರೆದು, ಬೋರ್‌ಗೆ ಪ್ರೊಫೈಲ್, ನಾಲ್ಕು ರಂಧ್ರಕ್ಕೆ ಡ್ರಿಲಿಂಗ್ ಕೊಟ್ಟು ಪೋಸ್ಟ್ ಮಾಡಿ, ಅಂದರೆ ಮೆಷಿನ್ ಓದುವ ಜಿ-ಕೋಡ್ ಆಗಿ ಹೊರತೆಗೆಯಿರಿ. ಬೋರ್‌ನ ಒಂದು ಸುತ್ತು ಒಂದೆರಡು ಜಿ02 ಅಥವಾ ಜಿ03 (ಕಮಾನಿನ ಚಲನೆ) ಸಾಲಿನಲ್ಲಿ ಮುಗಿಯಬೇಕು. ಒಂದು ಸುತ್ತಿಗೆ ಜಿ01 (ನೇರ ಗೆರೆಯ ಚಲನೆ) ಸಾಲುಗಳು ಮೂವತ್ತೋ ನೂರಿಪ್ಪತ್ತೋ ಬಂದರೆ ಮೂಲ ಮೆಶ್. ಅಂಥ ಪ್ರೋಗ್ರಾಂನಲ್ಲಿ ಮೆಷಿನ್ ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಬೇಕಾಗಬಹುದು, ಗೋಡೆಯ ಮೇಲೆ ಪಟ್ಟೆಗಳು ಉಳಿಯುತ್ತವೆ.

ಈ ಜಿ-ಕೋಡ್ ನಿಮ್ಮ ತಿಳಿವಳಿಕೆಗೆ ಮಾತ್ರ. ಶಾಪ್‌ನವರು ತಮ್ಮ ಟೂಲ್, ತಮ್ಮ ಕಂಟ್ರೋಲ್‌ಗೆ ತಕ್ಕಂತೆ ತಾವೇ ಪ್ರೋಗ್ರಾಂ ಮಾಡಿಕೊಳ್ಳುತ್ತಾರೆ.

## ಹಂತ 8: ಲೇಸರ್‌ಗೆ ಹೋಗುವ ಡಿಎಕ್ಸ್‌ಎಫ್

ಓಪನ್‌ಸ್ಕ್ಯಾಡ್‌ನ ಡಿಎಕ್ಸ್‌ಎಫ್‌ನಲ್ಲಿ ಕಮಾನು ಇರುವುದಿಲ್ಲ, ತುಂಡು ಗೆರೆಗಳಿರುತ್ತವೆ. ಕ್ಯಾಡ್‌ಕ್ವೆರಿ, ಬಿಲ್ಡ್‌123ಡಿ ನಿಜವಾದ ಸರ್ಕಲ್ ಮತ್ತು ಆರ್ಕ್ ಬರೆಯುತ್ತವೆ. ಫೈಲ್ ಜೊತೆ “ಎಲ್ಲ ಅಳತೆ ಎಂಎಂ, ಹೊರ ಅಗಲ 80” ಎಂದು ಒಂದು ಸಾಲು ಬರೆಯಿರಿ. ಇಂಚು–ಎಂಎಂ ಯೂನಿಟ್ ಗೊಂದಲವಾಗಿ 25.4 ಪಟ್ಟು ದೊಡ್ಡದಾಗಿ ತೆರೆದರೆ ಅಲ್ಲೇ ಸಿಕ್ಕಿಬೀಳುತ್ತದೆ.

## ಹಂತ 9: ಮ್ಯಾಕ್ರೋ ಬರೆಯುವುದಾದರೆ

ಒಂದೇ ಥರದ ಜಾಬ್, ಅಳತೆ ಮಾತ್ರ ಬೇರೆ ಬೇರೆ ಎಂಬ ಕಡೆ ಮಾಡೆಲ್ ಬಿಟ್ಟು ಕಂಟ್ರೋಲ್‌ನ ಮ್ಯಾಕ್ರೋ ಭಾಷೆಯಲ್ಲೇ ಬರೆಯಬಹುದು. ಫ್ಯಾನಕ್‌ನ ಮ್ಯಾಕ್ರೋ ಬಿಯಲ್ಲಿ ವೈಲ್ ಲೂಪ್, ಸೈನ್, ಕಾಸ್ ಎಲ್ಲವೂ ಇವೆ, ಕೋನ ಡಿಗ್ರಿಯಲ್ಲಿ. ಆದರೆ ಇಲ್ಲಿ ತಪ್ಪಾದರೆ ಹೋಗುವುದು ಟೂಲ್, ಇಲ್ಲವೇ ಸ್ಪಿಂಡಲ್.

ಮುಖ್ಯವಾದ ಅಪಾಯ ದಶಮಾಂಶ ಚುಕ್ಕೆ. ಪ್ಯಾರಾಮೀಟರ್‌ಗೆ ತಕ್ಕಂತೆ ಕೆಲವು ಮೆಷಿನ್‌ಗಳು ಚುಕ್ಕೆಯಿಲ್ಲದ ಎಕ್ಸ್10 ಅನ್ನು 0.010 ಎಂಎಂ ಎಂದು ಓದುತ್ತವೆ. ಪೈಥಾನ್‌ನಿಂದ ಜಿ-ಕೋಡ್ ಬರೆಸುವವರು ಪ್ರತಿ ಸಂಖ್ಯೆಯನ್ನೂ ಮೂರು ದಶಮಾಂಶದೊಂದಿಗೆ ಪ್ರಿಂಟ್ ಮಾಡಿಸಿ. ಇನ್ನೊಂದು, ಬೆಲೆ ಕೊಡದ ವೇರಿಯಬಲ್ ಫ್ಯಾನಕ್‌ನಲ್ಲಿ ಸೊನ್ನೆಯಲ್ಲ, ಖಾಲಿ. ಅದನ್ನು ಎಕ್ಸ್‌ಗೆ ಕೊಟ್ಟರೆ ಎಕ್ಸ್ ಪದವೇ ಇಲ್ಲ ಎಂಬಂತೆ ಮೆಷಿನ್ ಮುಂದೆ ಹೋಗುತ್ತದೆ. ಮೊದಲ ಓಟ ಝಡ್ ಆಫ್‌ಸೆಟ್ 50 ಎಂಎಂ ಎತ್ತಿ, ಸಿಂಗಲ್ ಬ್ಲಾಕ್‌ನಲ್ಲಿ, ಗಾಳಿಯಲ್ಲೇ ಆಗಲಿ.

## ಹಂತ 10: ಆರಿಸಿ, ಕಟ್ಟಿ ಕಳಿಸಿ

ವಿಎಂಸಿ ಕೆಲಸಕ್ಕೆ ಕ್ಯಾಡ್‌ಕ್ವೆರಿ ಅಥವಾ ಬಿಲ್ಡ್‌123ಡಿ, ಇದರಲ್ಲಿ ಎರಡು ಮಾತಿಲ್ಲ. ಎರಡರಲ್ಲಿ ಯಾವುದು ಎಂಬುದು ರುಚಿಯ ಪ್ರಶ್ನೆ. ಹಂತ 6ರಲ್ಲಿ ನಿಮ್ಮ ಕೈಯಲ್ಲಿ ಕಡಿಮೆ ಮುರಿದದ್ದನ್ನು ಇಟ್ಟುಕೊಳ್ಳಿ. ಮೌಸ್‌ನಿಂದಲೂ ತಿದ್ದುವವರು ತಂಡದಲ್ಲಿದ್ದರೆ ಫ್ರೀಕ್ಯಾಡ್ ಪೈಥಾನ್. ಪ್ರಿಂಟ್ ಮಾಡುವ ಡಬ್ಬಿ, ಬ್ರಾಕೆಟ್‌ಗಳಿಗೆ ಓಪನ್‌ಸ್ಕ್ಯಾಡ್ ಸಾಕು.

ಯಾವ ಭಾಷೆಯಾದರೂ ಸ್ಟೆಪ್ ಫೈಲ್ ಒಂದೇ ಸಾಲದು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಹೇಳಲು ಪಿಡಿಎಫ್ ಡ್ರಾಯಿಂಗ್ ಜೊತೆಗಿರಲಿ. ಬೋರ್ ಪಕ್ಕ “22 ಎಚ್7” ಎಂದು ಬರೆಯಿರಿ. ಥ್ರೆಡ್‌ನ ಸುರುಳಿಯನ್ನು ಮಾಡೆಲ್‌ನಲ್ಲಿ ಕೊರೆಯಬೇಡಿ: ಎಂ6ಕ್ಕೆ 5.0, ಎಂ5ಕ್ಕೆ 4.2, ಎಂ8ಕ್ಕೆ 6.8 ಎಂಎಂ ಡ್ರಿಲ್ ಅಳತೆಯ ರಂಧ್ರ ಬಿಟ್ಟು, ಡ್ರಾಯಿಂಗ್‌ನಲ್ಲಿ ಟ್ಯಾಪ್ ಎಂದು ಗುರುತಿಸಿ. ಫೈಲ್ ಹೆಸರಿನಲ್ಲಿ ರಿವಿಷನ್ ಸಂಖ್ಯೆ ಇರಲಿ, ಡ್ರಾಯಿಂಗ್‌ನಲ್ಲೂ ಅದೇ ಸಂಖ್ಯೆ ಇರಲಿ. ವಾಟ್ಸಾಪ್‌ನಲ್ಲಿ “ಫೈನಲ್”, “ಫೈನಲ್ ಹೊಸದು” ಎಂದು ಹೋದ ಫೈಲ್‌ಗಳಲ್ಲಿ ಹಳೆಯದೇ ಮೆಷಿನ್‌ಗೆ ಏರುವುದು ಹೊಸದೇನಲ್ಲ.

ಮೊದಲ ಪೀಸ್ ಬಂದಾಗ ಬೋರನ್ನು ವರ್ನಿಯರ್‌ನಲ್ಲಿ ಅಳೆದು ಸರಿ ಎನ್ನಬೇಡಿ. 0.021 ಎಂಎಂ ಟಾಲರೆನ್ಸ್‌ಗೆ 0.02 ಎಂಎಂ ಲೀಸ್ಟ್ ಕೌಂಟ್‌ನ ವರ್ನಿಯರ್ ಏನೂ ಹೇಳದು. ಶಾಪ್‌ನಲ್ಲಿ ಬೋರ್ ಗೇಜ್ ಅಥವಾ 22 ಎಚ್7 ಪ್ಲಗ್ ಗೇಜ್ ಕೇಳಿ. ಗೋ ಬದಿ ಇಳಿದು, ನೋ-ಗೋ ಬದಿ ನಿಂತರೆ ಉಳಿದ ಪೀಸ್‌ಗಳಿಗೆ ಒಪ್ಪಿಗೆ ಕೊಡಿ.